ವಿಕ್ಟೋರಿಯಾ ಕಾಲದ ಶಾಲೆ: ಬೆಂಕಿಪುರದ ಹುಡುಗ ಎಲ್ಲಿ ಓದಿದ?

ವಿಕ್ಟೋರಿಯಾ ರಾಣಿಯ ಕಾಲದ ಶಾಲೆ ಎಂದ ಕೂಡಲೇ ಇವತ್ತಿನ ಮಕ್ಕಳ ಕಣ್ಣಿಗೆ ಕಟ್ಟುವುದು ಸಿನಿಮಾದ್ದೇ ಚಿತ್ರ. ಸಾಲು ಬೆಂಚು, ಢಣಢಣ ಗಂಟೆ, ಕರಿಹಲಗೆ, ಕೋಟು ತೊಟ್ಟು ಬೆತ್ತ ಹಿಡಿದ ಮೇಷ್ಟ್ರು, ಇಸ್ತ್ರಿ ಮಾಡಿದ ಸಮವಸ್ತ್ರ. ರಾಣಿ ಭಾರತವನ್ನೂ ಆಳಿದಳಲ್ಲ, ಹಾಗಾದರೆ ಶಿವಮೊಗ್ಗದ ಮುತ್ತಜ್ಜಂದಿರೂ ಇಂಥದೇ ಶಾಲೆಯಲ್ಲಿ ಓದಿರಬೇಕು ಎಂದು ದೊಡ್ಡವರೂ ನಂಬುತ್ತಾರೆ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರ ಜನವರಿಯಲ್ಲಿ. ಈ ಅರವತ್ಮೂರು ಚಿಲ್ಲರೆ ವರ್ಷಗಳಲ್ಲಿ ಶಿವಮೊಗ್ಗ ಸೀಮೆಯ ಬಹುಪಾಲು ಮಕ್ಕಳು ಅಂಥ ಶಾಲೆಯನ್ನು ಕಣ್ಣಿನಿಂದಲೂ ಕಂಡವರಲ್ಲ.

ಭದ್ರಾವತಿಯ ವಿಷಯದಲ್ಲಂತೂ ಕಲ್ಪನೆ ಇನ್ನಷ್ಟು ದಾರಿ ತಪ್ಪುತ್ತದೆ. ಕಾರ್ಖಾನೆಯ ಸೈರನ್ನು, ಕಾರ್ಮಿಕರ ಕಾಲೊನಿ, ಅದರ ಪಕ್ಕದಲ್ಲೊಂದು ಬ್ರಿಟಿಷರ ಕಾಲದ ಶಾಲೆ ಎಂದು ಚಿತ್ರ ಬರೆಯುವವರುಂಟು. ಆಗ ಅದು ಬೆಂಕಿಪುರವೆಂಬ ಸಣ್ಣ ಊರು. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಬೆಸೆದುಕೊಂಡ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರಲ್ಲಿ, ಅಂದರೆ ರಾಣಿ ಸತ್ತು ಎರಡು ದಶಕ ಕಳೆದ ಮೇಲೆ. ಅದೂ ಮೈಸೂರು ಸರ್ಕಾರದ ಕಾರ್ಖಾನೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ. ಅದಕ್ಕೂ ಮುಂಚೆ ಶಾಲಾ ತಪಾಸಣೆಗೆಂದು ಹೊರಟ ಸಾಹೇಬನಿಗೂ ಕುದುರೆ ಇಲ್ಲವೇ ಎತ್ತಿನ ಗಾಡಿಯೇ ಗತಿ.

ಹಾಗಾದರೆ ಬೆಂಕಿಪುರದ ಹುಡುಗ ಓದುವುದಿದ್ದರೆ ಎಲ್ಲಿ ಓದುತ್ತಿದ್ದ? ಕೂಲಿಮಠದಲ್ಲಿ. ಯಾರದೋ ಮನೆಯ ಜಗಲಿ, ದೇವಸ್ಥಾನದ ಪ್ರಾಂಗಣ ಇಲ್ಲವೇ ಮಠದ ಪಡಸಾಲೆಯೇ ಶಾಲೆ. ಕಲಿಸುವವರು ಐಗಳು. ಸರ್ಕಾರದ ಸಂಬಳ ಅವರಿಗಿಲ್ಲ. ಮಕ್ಕಳ ಮನೆಯವರು ಕೊಟ್ಟ ಪುಡಿಗಾಸು, ದವಸ, ಹಬ್ಬದ ಕಾಣಿಕೆಯಲ್ಲೇ ಅವರ ಸಂಸಾರ ಸಾಗಬೇಕು. ಮಹಾನವಮಿ ಬಂತೆಂದರೆ ಐಗಳು ಹುಡುಗರ ದಂಡು ಕಟ್ಟಿಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸುತ್ತಿದ್ದರು. ಹುಡುಗರಿಗೆ ಕೊಬ್ಬರಿ ಬೆಲ್ಲ, ಐಗಳಿಗೆ ದಕ್ಷಿಣೆ. ಅಮಾವಾಸ್ಯೆ, ಹುಣ್ಣಿಮೆಗೆ ರಜಾ. ಭಾನುವಾರದ ರಜೆ ಸರ್ಕಾರಿ ಕಚೇರಿಗಳ ಹಿಂದೆ ಬಂದದ್ದು.

ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಬೇಕು. ಬೆರಳು ಪಳಗಿದ ಮೇಲೆ ಕಡತ. ಬಟ್ಟೆಗೆ ಇದ್ದಿಲು ಮತ್ತು ಹುಣಸೆಬೀಜದ ಸರಿ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವದು. ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯಬಹುದು. ಲೆಕ್ಕ ಎಂದರೆ ಮಗ್ಗಿ. ಬರೀ ಎರಡರ ಮಗ್ಗಿ, ಮೂರರ ಮಗ್ಗಿಯಲ್ಲ, ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಬಾಯಿಗೆ ಬರಬೇಕು. ವರಹ, ಹಣ, ಸೇರು, ಕೊಳಗ, ಖಂಡುಗಗಳ ಲೆಕ್ಕ ಗೊತ್ತಿಲ್ಲದವನಿಗೆ ಶ್ಯಾನುಭೋಗಿಕೆಯೂ ಇಲ್ಲ, ಅಂಗಡಿ ವ್ಯಾಪಾರವೂ ಇಲ್ಲ.

ಇಂಗ್ಲಿಷರು ಬರುವ ತನಕ ನಮ್ಮಲ್ಲಿ ಶಾಲೆಯೇ ಇರಲಿಲ್ಲ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಮತ್ತು ಬಳ್ಳಿಗಾವೆಯ ಶಾಸನಗಳನ್ನು ಓದಿದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ಅಲ್ಲಿ ನಡೆಯುತ್ತಿದ್ದ ವ್ಯಾಸಂಗದ ವಿಷಯಗಳನ್ನು ಸಾಲುಸಾಲಾಗಿ ಹೇಳಿ, ಅನ್ನದಾನದ ವಿವರವನ್ನೂ ಕೊಡುತ್ತದೆ.

ಆದರೆ ಇದರ ಬೆನ್ನಿಗೇ ಇನ್ನೊಂದು ನಂಬಿಕೆ ತಲೆ ಎತ್ತುತ್ತದೆ, ಈಚೆಗೆ ಅದಕ್ಕೇ ಕಾವು ಜಾಸ್ತಿ. ಹಳ್ಳಿಹಳ್ಳಿಯಲ್ಲಿ ಶಾಲೆಯಿತ್ತು, ಎಲ್ಲ ಮಕ್ಕಳೂ ಕಲಿಯುತ್ತಿದ್ದರು, ಬ್ರಿಟಿಷರು ಬಂದು ಕೆಡಿಸಿದರು ಎಂಬುದು ಅದರ ಸಾರ. ಇದನ್ನು ಅಳೆದು ನೋಡಲು ಒಳ್ಳೆಯ ದಾಖಲೆಯೊಂದಿದೆ. ಕೂಡಲಿಯಲ್ಲಿ ಸೇರಿದ ತುಂಗೆ ಭದ್ರೆಯರ ನೀರು ಹರಿದು ಹೋಗುವ ಬಳ್ಳಾರಿ ಸೀಮೆಯಲ್ಲಿ 1823ರಲ್ಲಿ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್, ಮದರಾಸಿನ ಗವರ್ನರ್ ಥಾಮಸ್ ಮನ್ರೋ ಕೇಳಿದ್ದಕ್ಕೆ ತನ್ನ ಜಿಲ್ಲೆಯ ಶಾಲೆಗಳ ಲೆಕ್ಕ ಬರೆದು ಕಳಿಸಿದ. ಜಿಲ್ಲೆಯ ಜನ 9,27,857. ಶಾಲೆಗಳು 533, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದ ಮಕ್ಕಳು ಒಟ್ಟು 6,641. ಸಾವಿರ ಜನಕ್ಕೆ ಸುಮಾರು ಏಳೇ ಮಂದಿ! ಹೆಣ್ಣುಮಕ್ಕಳು 60.

ಇದೇ ಲೆಕ್ಕ ಮತ್ತೊಂದು ಕಲ್ಪನೆಯನ್ನೂ ಅಲ್ಲಾಡಿಸುತ್ತದೆ. ಆಗ ಓದಿದವರು ಬ್ರಾಹ್ಮಣರ ಹುಡುಗರು ಮಾತ್ರ ಎನ್ನುವುದು ಸರಿಯಲ್ಲ. ಆ ಪಟ್ಟಿಯ 6,338 ಹಿಂದೂ ಹುಡುಗರಲ್ಲಿ ಬ್ರಾಹ್ಮಣರು 1,185. ಶೂದ್ರರೆಂದು ಬರೆದುಕೊಂಡವರು 2,998. ಲಿಂಗಾಯತ ಮಠಗಳು, ವರ್ತಕರ ಕೇರಿಗಳು ಅಕ್ಷರವನ್ನು ಉಳಿಸಿಕೊಂಡು ಬಂದಿದ್ದವು. ಹೀಗೆಂದು ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಅರ್ಥವಲ್ಲ. ಹೊಲಗೇರಿಯ ಮಗುವಿಗೆ ಐಗಳ ಜಗಲಿ ಹತ್ತುವ ಅವಕಾಶವಿರಲಿಲ್ಲ. ಮೈಸೂರು ಸರ್ಕಾರ ಅಂಥ ಮಕ್ಕಳಿಗೆಂದು, ಆಗಿನ ಮಾತಿನಲ್ಲಿ ಪಂಚಮರಿಗೆಂದು, ಪ್ರತ್ಯೇಕ ಶಾಲೆ ತೆರೆಯುವಷ್ಟರಲ್ಲಿ 1890ರ ದಶಕ ಬಂದಿತ್ತು. ಹಳೆಯ ಕಾಲವನ್ನು ಹೊಗಳುವವರು ಈ ಮಾತನ್ನು ಮೆಲ್ಲಗೆ ದಾಟಿಕೊಂಡು ಹೋಗುತ್ತಾರೆ. ಕ್ಯಾಂಪ್‌ಬೆಲ್ ಮಾತ್ರ ತನ್ನವರನ್ನೂ ಬಿಡಲಿಲ್ಲ: ಯುರೋಪಿನ ಬಟ್ಟೆ ಬಂದು ಇಲ್ಲಿಯ ಮಗ್ಗಗಳು ಸೊರಗಿದವು, ಜನ ಬಡವರಾದರು, ಶಾಲೆಗಳು ಕ್ಷೀಣಿಸಲು ಅದೇ ಕಾರಣ ಎಂದು ಕಂಪನಿ ಸರ್ಕಾರಕ್ಕೇ ಬರೆದ.

ಬೆತ್ತದ ಕಥೆಗೆ ಬರೋಣ. ಮಕ್ಕಳನ್ನು ಹೊಡೆದು ಕಲಿಸುವ ಚಾಳಿ ಬಿಳಿಯರಿಂದ ಬಂತು, ನಮ್ಮ ಗುರುಗಳು ಪ್ರೀತಿಯಿಂದಲೇ ಕಲಿಸುತ್ತಿದ್ದರು ಎಂದು ಭಾಷಣದಲ್ಲಿ ಕೇಳಲು ಹಿತವಾಗಿರುತ್ತದೆ. ಕ್ಯಾಂಪ್‌ಬೆಲ್ ಕಂಡ ಮಠದಲ್ಲಿ ಬೆಳಗಿನ ಆರು ಗಂಟೆಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆಲ್ಲ ಒಂದೊಂದು ಏರುತ್ತ ಹೋಗುವುದು. ತರಗತಿಗೆ ಹನ್ನೆರಡು ಹುಡುಗರೆಂದರೂ ಕಡೆಗೆ ಬಂದವನಿಗೆ ಹತ್ತು. ಓದು ಬಾರದವನಿಗೆ, ತುಂಟನಿಗೆ ಇನ್ನೂ ದೊಡ್ಡ ಶಿಕ್ಷೆಯಿತ್ತು. ಎರಡೂ ಕೈಗೆ ಹಗ್ಗ ಕಟ್ಟಿ ಸೂರಿನ ತೊಲೆಗೆ ತೂಗುಹಾಕುವುದು. ಕನ್ನಡನಾಡಿನ ಹಳಬರು ಕೋದಂಡ ಎನ್ನುತ್ತಿದ್ದದ್ದು ಇದನ್ನೇ. ಬಸ್ಕಿ ಹೊಡೆಸುವುದು, ಕಿವಿ ಹಿಂಡುವುದು, ತೊಡೆ ಚಿವುಟುವುದು ಶಿಕ್ಷೆಯ ಲೆಕ್ಕಕ್ಕೇ ಇರಲಿಲ್ಲ. ಇಂಗ್ಲೆಂಡಿನ ಮೇಷ್ಟ್ರ ಬೆತ್ತ ಕಡಿಮೆ ಕ್ರೂರವೇನಲ್ಲ. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಅದನ್ನು ನಿಷೇಧಿಸುವ ಕಾನೂನಾದದ್ದೇ 1986ರಲ್ಲಿ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದಾಗ ಹೊಡೆತವನ್ನು ಕಾನೂನುಬಾಹಿರ ಮಾಡಲಾಯಿತು. ಈ ವಿಷಯದಲ್ಲಿ ಎರಡೂ ಕಡೆಯವರು ಒಬ್ಬರಿಂದೊಬ್ಬರು ಪಾಠ ಹೇಳಿಸಿಕೊಳ್ಳಬೇಕಾದ ಅಗತ್ಯವಿರಲಿಲ್ಲ.

ಬೇರೆ ವಿಷಯದಲ್ಲಿ ಪಾಠ ಹೇಳಿಸಿಕೊಂಡವರು ಇಂಗ್ಲಿಷರೇ. ಮದರಾಸಿನ ಅನಾಥ ಹುಡುಗರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಮರಳು ಹರಡಿಸಿದ. ಅಲ್ಲಿಯ ಮೇಷ್ಟ್ರುಗಳು ಮೂಗು ಮುರಿದಾಗ, ಬಲ್ಲ ಹುಡುಗನಿಂದಲೇ ಬಾರದ ಹುಡುಗರಿಗೆ ಹೇಳಿಸಿದ. ಆ ಅನುಭವವನ್ನು 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಮುಂದೆ ಬ್ರಿಟನ್ನಿನ ನೂರಾರು ಶಾಲೆಗಳಲ್ಲಿ ಒಬ್ಬನೇ ಮೇಷ್ಟ್ರು ದೊಡ್ಡ ಹುಡುಗರನ್ನು ಮುಂದಿಟ್ಟುಕೊಂಡು ಚಿಕ್ಕವರ ದೊಡ್ಡ ಗುಂಪಿಗೆ ಪಾಠ ಮಾಡಿಸುವ ಕ್ರಮ ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲೇ ನಡೆಯಿತು. ಕೂಲಿಮಠಗಳಲ್ಲಿ ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುವುದನ್ನು ಕ್ಯಾಂಪ್‌ಬೆಲ್ ಕೂಡ ಮೆಚ್ಚಿದ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದ. ಮೆಚ್ಚದೇ ಹೋದದ್ದು ಗಿಣಿಪಾಠವನ್ನು. ಹುಡುಗರಿಗೆ ನೂರಾರು ಪದ್ಯ ಬಾಯಿಗೆ ಬರುತ್ತವೆ, ಅರ್ಥ ಮಾತ್ರ ಒಂದಕ್ಕೂ ಗೊತ್ತಿಲ್ಲ ಎಂಬ ಅವನ ದೂರು ಇಂದಿನ ಪರೀಕ್ಷಾ ಹಾಲಿಗೂ ಒಪ್ಪುತ್ತದೆ ಅನ್ನಿ.

ಇಂಗ್ಲೆಂಡಿನಲ್ಲಾದರೂ ರಾಣಿಯ ಕಾಲದ ಮಕ್ಕಳೆಲ್ಲ ಶಾಲೆಗೆ ಹೋಗುತ್ತಿದ್ದರೇ? ಅದೂ ಇಲ್ಲ. ಸರ್ಕಾರವೇ ಮುಂದೆ ನಿಂತು ಶಾಲೆ ಕಟ್ಟಿಸುವ ಕಾನೂನು 1870ರದ್ದು. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯವಾದದ್ದು 1880ರಲ್ಲಿ. ಶುಲ್ಕದ ಹೊರೆ ಇಳಿದದ್ದು 1891ರಲ್ಲಿ, ಅಷ್ಟು ಹೊತ್ತಿಗೆ ರಾಣಿ ಮುದುಕಿ. ಅರ್ಧ ದಿನ ಗಿರಣಿಯಲ್ಲಿ ದುಡಿದು ಅರ್ಧ ದಿನ ಶಾಲೆಯಲ್ಲಿ ತೂಕಡಿಸುತ್ತಿದ್ದ ಮಕ್ಕಳು ಅಲ್ಲಿ ಸಾವಿರಾರು.

ಇನ್ನು ಮೆಕಾಲೆ. 1835ರಲ್ಲಿ ಆತ ಬರೆದ ಟಿಪ್ಪಣಿಯಿಂದ ನಮ್ಮೂರಿನ ಕನ್ನಡ ಶಾಲೆಗಳಿಗೆ ಬೀಗ ಬಿತ್ತು, ಮಕ್ಕಳಿಗೆಲ್ಲ ಇಂಗ್ಲಿಷ್ ಹೇರಲಾಯಿತು ಎಂದು ಬರೆಯದವರೇ ಕಡಿಮೆ. ಮೈಸೂರು ಸಂಸ್ಥಾನದ ಕಥೆ ಹಾಗೆ ನಡೆಯಲಿಲ್ಲ. ನಗರ ಸೀಮೆಯ ದಂಗೆಯ ನೆಪದಲ್ಲಿ, ಅಂದರೆ ಇದೇ ಜಿಲ್ಲೆಯ ರೈತರು ಎದ್ದ ನೆಪದಲ್ಲಿ, 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅರಸರಿಂದ ಕಿತ್ತುಕೊಂಡರು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಆ ಐವತ್ತು ವರ್ಷಗಳ ಕಮಿಷನರ್ ಆಡಳಿತದಲ್ಲಿ ಶಿಕ್ಷಣ ಇಲಾಖೆ ಹುಟ್ಟಿದ್ದು 1857ರಲ್ಲಿ. ಹಳ್ಳಿಗಳ ಕಡೆಗೆ ಕಣ್ಣು ಹೊರಳಿದ್ದು ಅದಾದ ಹನ್ನೊಂದು ವರ್ಷಕ್ಕೆ. ಬೆಂಗಳೂರಿನಲ್ಲೇ ಹುಟ್ಟಿ ಕನ್ನಡ ಬಲ್ಲವರಾಗಿದ್ದ ಬಿ. ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ಮುಂದಿಟ್ಟರು. ಶಾಲೆಗೆ ಜಾಗ ಕೊಡುವುದು ಊರವರ ಪಾಲು. ಮೇಷ್ಟ್ರುಗಳನ್ನು ಬೇರೆಲ್ಲಿಂದಲೋ ತರುವ ಬದಲು, ಕೂಲಿಮಠದಲ್ಲಿ ಕಲಿಸುತ್ತಿದ್ದವರನ್ನೇ ಆರಿಸಿ ತರಬೇತಿ ಕೊಟ್ಟು ಕಳಿಸುವುದೆಂದಾಯಿತು. ಅಲ್ಲಿ ನಡೆದದ್ದು ಕನ್ನಡದ ಓದು, ಬರಹ, ಲೆಕ್ಕ. ಇಂಗ್ಲಿಷ್ ಕಲಿಯಬೇಕೆಂದವರು ಪೇಟೆಯ ಆಂಗ್ಲೋ ವರ್ನಾಕ್ಯುಲರ್ ಶಾಲೆಗೆ ಹೋಗಬೇಕಿತ್ತು. ಹೋದವರು ಬೆರಳೆಣಿಕೆಯಷ್ಟು.

ಶಾಲೆಗಳ ತಪಾಸಣೆಗೆಂದು ಊರೂರು ತಿರುಗಿದ ಇದೇ ರೈಸ್ ಕೆರೆ ಏರಿಯ ಮೇಲೆ, ಗುಡಿಯ ಮುಂದೆ ನಿಂತ ಕಲ್ಲುಗಳನ್ನೂ ಓದತೊಡಗಿದರು. ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳ ಹಿಂದೆ ಈ ತಿರುಗಾಟವಿದೆ. ಶಿವಮೊಗ್ಗ ಜಿಲ್ಲೆಯ ಎರಡು ಸಂಪುಟಗಳು 1902 ಮತ್ತು 1904ರಲ್ಲಿ ಹೊರಬಂದವು. ಮೊದಲನೆಯದರಲ್ಲಿರುವ ತಾಳಗುಂದದ ಸ್ತಂಭಶಾಸನ, ಕದಂಬರ ಮಯೂರಶರ್ಮ ಗುರುವಿನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದದ್ದನ್ನು ಹೇಳುತ್ತದೆ. ಸ್ಕೂಲ್ ಇನ್ಸ್‌ಪೆಕ್ಟರ್ ಒಬ್ಬರು ಜಗತ್ತಿಗೆ ಓದಿ ಹೇಳಿದ ಶಾಸನದಲ್ಲಿ ವಿದ್ಯಾರ್ಥಿಯೊಬ್ಬನ ಪ್ರಯಾಣವೇ ಇರುವುದು ಚಂದದ ಕಾಕತಾಳೀಯ.

ಮಲೆನಾಡಿನ ಒಳಭಾಗಕ್ಕೆ ಹೋಬಳಿ ಶಾಲೆಯೂ ಸುಲಭವಾಗಿ ಎಟಕಲಿಲ್ಲ. ಮನೆಯಿಂದ ಮನೆಗೆ ಕಾಡು, ಮಳೆಗಾಲದಲ್ಲಿ ಹಳ್ಳ ದಾಟುವಂತಿಲ್ಲ. ಅನುಕೂಲಸ್ಥರು ಘಟ್ಟದ ಕೆಳಗಿನಿಂದ ಐಗಳನ್ನು ಕರೆಸಿ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ರಾಣಿ ಸತ್ತ ಸುಮಾರು ನಾಲ್ಕು ವರ್ಷಕ್ಕೆ ಹುಟ್ಟಿದ ಕುವೆಂಪು ಅವರ ಮೊದಲ ಅಕ್ಷರಾಭ್ಯಾಸವೂ ಕುಪ್ಪಳಿಯ ಮನೆಯಲ್ಲಿ, ದಕ್ಷಿಣ ಕನ್ನಡದಿಂದ ಬಂದ ಮೇಷ್ಟ್ರಿಂದಲೇ ನಡೆಯಿತು. ತೀರ್ಥಹಳ್ಳಿಯ ಶಾಲೆ ಆಮೇಲಿನ ಮಾತು. ಗದ್ದೆಯಾಳುಗಳ ಮಕ್ಕಳಿಗೆ ಇದೂ ಇರಲಿಲ್ಲ.

ಹೆಣ್ಣುಮಕ್ಕಳದು ಬೇರೆಯೇ ಕಥೆ. ರಾಣಿಯೇ ಹೆಣ್ಣಾದ್ದರಿಂದ ಅವಳ ಕಾಲದಲ್ಲಿ ಹುಡುಗಿಯರ ಓದಿಗೆ ಒಳ್ಳೆಯ ದಿನ ಬಂತೆಂದು ಊಹಿಸುವುದು ಸುಲಭ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಆರಂಭವಾಯಿತು, ಹೆಸರೂ ಮಾಡಿತು. ಆದರೂ 1901ರ ಜನಗಣತಿಯ ಹೊತ್ತಿಗೆ ಇಡೀ ಸಂಸ್ಥಾನದಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ ಒಬ್ಬಳೂ ಇರಲಿಲ್ಲ. ಗಂಡಸರಲ್ಲೂ ನೂರಕ್ಕೆ ಹತ್ತು ಮುಟ್ಟಿರಲಿಲ್ಲ.

ಆ ಗಣತಿಯ ಹೊತ್ತಿಗೆ ಶಿವಮೊಗ್ಗ ಪೇಟೆಯಲ್ಲಿ ಜನವೇ ಕಡಿಮೆ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಇಲ್ಲಿಗೂ ಬಂದಿತ್ತು. 1891ರಲ್ಲಿ ಹನ್ನೊಂದು ಸಾವಿರ ದಾಟಿದ್ದ ಊರಿನ ಜನಸಂಖ್ಯೆ 1901ಕ್ಕೆ ಆರು ಸಾವಿರದ ಆಸುಪಾಸಿಗೆ ಇಳಿಯಿತು. ವಿಕ್ಟೋರಿಯಾ ಯುಗದ ಕೊನೆಯ ವರ್ಷಗಳಲ್ಲಿ ಶಿವಮೊಗ್ಗದ ಮಕ್ಕಳ ಬಾಲ್ಯವನ್ನು ಆಳಿದ್ದು ಶಾಲೆಯ ಗಂಟೆಗಿಂತ ಹೆಚ್ಚಾಗಿ ಈ ಮಾರಿಯೇ. ಶಾಲೆ ಕಡ್ಡಾಯ ಎಂಬ ಮಾತು ಮೈಸೂರಿನ ಕಾನೂನಿನಲ್ಲಿ ಮೊದಲು ಬಂದದ್ದು 1913ರಲ್ಲಿ, ಅದೂ ಆಯ್ದ ಕೆಲವೇ ಊರುಗಳಿಗೆ.

ಆ ಕಾಲದ ಕಡತಗಳು, ಓಲೆಗರಿಯ ಕಟ್ಟುಗಳು, ಓಲೆಯ ಮೇಲೆ ಬರೆಯುವ ಕಂಟಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಇರಬಹುದು. ಮನೆ ಕೆಡವುವಾಗ ಅವನ್ನು ಒಲೆಗೆ ಹಾಕಬೇಡಿ, ಗುಜರಿಗೂ ಕೊಡಬೇಡಿ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ವಸ್ತುಸಂಗ್ರಹಾಲಯವಿದೆ; ಒಮ್ಮೆ ಅಲ್ಲಿಗೆ ಒಯ್ದು ತೋರಿಸಿ.