ಪಾಸ್ತಾ ತಟ್ಟೆಯಲ್ಲಿ ಅವ್ವನ ಶಾವಿಗೆ

ಅಪ್ಪ ತೀರಿಕೊಂಡ ಮೇಲೆ ಅವ್ವ ಗದಗಿನ ಮನೆಯಲ್ಲಿ ಒಬ್ಬಳೇ. ‘ನಮ್ಮ ಕೂಡ ಬಂದು ಇದ್ದುಬಿಡು’ ಎಂದು ಎರಡು ವರ್ಷದಿಂದ ಕರೆಯುತ್ತಲೇ ಇದ್ದೆ. ನಾನು ವಿಜಯವಾಡದಲ್ಲಿದ್ದಾಗ ಒಮ್ಮೆ ಮೇ ತಿಂಗಳಲ್ಲಿ ಬಂದಿದ್ದಳು. ನೂಜಿವೀಡು ಮಾವಿನಹಣ್ಣು ಮೆಚ್ಚಿದಳು, ಬಿಸಿಲು ಮೆಚ್ಚಲಿಲ್ಲ. ಎಂಟೇ ದಿನಕ್ಕೆ ಊರಿಗೆ ಹೊರಟಳು. ನಾನು ವಿಶಾಖಪಟ್ಟಣಕ್ಕೆ ಬಂದ ಮೇಲೆ, ಈ ಜನವರಿಯಲ್ಲಿ, ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಮತ್ತೆ ಬಂದಳು. ಗದಗಿನಲ್ಲಿ ಹತ್ತಿದರೆ ಬಳ್ಳಾರಿ, ಗುಂತಕಲ್, ವಿಜಯವಾಡ ದಾಟಿ ನೇರ ಇಲ್ಲಿಗೇ ತಂದು ಬಿಡುವ ಗಾಡಿ ಅದು.

ಈ ಸಲ ಹೇಗಾದರೂ ಒಪ್ಪಿಸಬೇಕೆಂದು ಒಂದು ರಾತ್ರಿ ಊಟಕ್ಕೆ ಹೊರಗೆ ಕರೆದೊಯ್ದೆವು. ಅದು ಹಂಗಾಮಿಗೊಮ್ಮೆ ಮೆನು ಬದಲಿಸುವ ಇಟಾಲಿಯನ್ ಹೋಟೆಲು. ಚಳಿಗಾಲದ ಪಟ್ಟಿಯಲ್ಲಿ ಹಸಿ ಬಟಾಣಿ ಹಾಕಿದ ಸ್ಪಗೆಟ್ಟಿ, ಕೊನೆಗೆ ಲಂಬಸಿಂಗಿ ಬೆಟ್ಟದ ಸ್ಟ್ರಾಬೆರಿ, ಅರಕು ಕಾಫಿ. ಅರಕು ಕಣಿವೆಯ ಆದಿವಾಸಿ ರೈತರು ಬೆಳೆಯುವ ಈ ಕಾಫಿಗೆ 2017ರಲ್ಲಿ ಪ್ಯಾರಿಸ್‌ನಲ್ಲೇ ಅಂಗಡಿ ತೆರೆಯಿತು ಎಂದು ಹೇಳಿದೆ. ಅವ್ವನ ಗಮನ ತಟ್ಟೆಯ ಮೇಲಿತ್ತು.

‘ತಮ್ಮಾ, ಇದು ನಮ್ಮ ಶಾವಿಗಿ ಅಲ್ಲೇನು? ಒಂಚೂರು ದಪ್ಪ ಮಾಡ್ಯಾರ, ಅಷ್ಟ.’

ನಗು ಬಂತು. ಆದರೆ ಅವಳ ಮಾತು ಸುಳ್ಳಲ್ಲ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನೇ ಆಗಿದೆ. ಕಾಳು ಗಟ್ಟಿ, ಬಣ್ಣ ಹಳದಿ, ಬೇಯಿಸಿದರೆ ಮುದ್ದೆಯಾಗುವುದಿಲ್ಲ. ನಮ್ಮ ಎರೆಹೊಲಗಳಲ್ಲಿ ಹಿಂಗಾರಿಗೆ ಬಿತ್ತುವುದೂ ಈ ಗೋಧಿಯನ್ನೇ. ಅದರ ರವೆಯೇ ಬೇಸಿಗೆಯಲ್ಲಿ ಶಾವಿಗೆಯಾಗಿ ಬಿಸಿಲಿಗೆ ತೂಗುವುದು.

ಅಡುಗೆಯ ಹುಡುಗ ‘ಹೇಗಿದೆಯಮ್ಮಾ’ ಎಂದು ತೆಲುಗಿನಲ್ಲಿ ಕೇಳುತ್ತ ಬಂದ. ‘ಸೇಮಿಯಾ’ ಎಂಬ ಒಂದು ಪದ ಇಬ್ಬರಿಗೂ ಸಾಕಾಯಿತು. ಹಿಟ್ಟು ಎಷ್ಟು ಹೊತ್ತು ನೆನೆಯಬೇಕು, ಶಾವಿಗೆ ಮಣೆಯ ಮೇಲೆ ಹೇಗೆ ಹೊಸೆಯಬೇಕು, ಎಲ್ಲವನ್ನೂ ಅವ್ವ ಕೈಯಲ್ಲೇ ಮಾಡಿ ತೋರಿಸಿದಳು. ಸ್ಟ್ರಾಬೆರಿ ಎಲ್ಲಾ ಕಾಲಕ್ಕೂ ಸಿಗುತ್ತದೆಯೇ ಎಂದೂ ಕೇಳಿದಳು. ಚಳಿ ಮುಗಿದರೆ ಅದೂ ಮುಗಿಯಿತು, ಬೇಸಿಗೆಗೆ ಮಾವು ಎಂದ ಅವನು.

ಕಾಫಿ ಬಂದಾಗ ನಾನು ಮತ್ತೆ ಅದೇ ಮಾತು ತೆಗೆದೆ. ಅವ್ವ ಲೋಟ ಕೆಳಗಿಟ್ಟಳು.

‘ಇವರಂಗ ನೀನೂ ಹಂಗಾಮು ನೋಡಿ ಕರಿ. ಚಳಿಗಾಲಕ್ಕ ಬರ್ತೀನಿ, ಎರಡು ತಿಂಗಳು ಇರ್ತೀನಿ. ಬ್ಯಾಸಿಗ್ಯಾಗ ಮಾತ್ರ ಕೇಳಬ್ಯಾಡ. ಓಣ್ಯಾಗ ಶಾವಿಗಿ ಹಾಕೋರು ನನ್ನ ಹಾದಿ ನೋಡ್ತಿರ್ತಾರ.’

ಅವ್ವ ಒಬ್ಬಳೇ ಇದ್ದಾಳೆ ಎಂದು ನಾನು ಕೊರಗುತ್ತಿದ್ದೆ. ಅವಳಿಗಾಗಿ ಕಾಯುವ ಒಂದು ಓಣಿಯೇ ಅಲ್ಲಿದೆ ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಕರೆಯುತ್ತಿದ್ದುದು ಅವಳ ಒಂಟಿತನ ನೀಗಲೋ, ನನ್ನ ಚಿಂತೆ ಕಳೆಯಲೋ ಎಂದು ಅಂದು ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಮೇ ತಿಂಗಳಲ್ಲಿ ಊರಿನಿಂದ ಒಂದು ಡಬ್ಬಿ ಶಾವಿಗೆ ಬಂತು. ಅರ್ಧವನ್ನು ಬಸಿದು ಹಾಲು, ತುಪ್ಪ, ಬೆಲ್ಲ ಹಾಕಿಕೊಂಡು ತಿಂದೆವು. ಉಳಿದರ್ಧಕ್ಕೆ ಹೆಂಡತಿ ಟೊಮೆಟೊ, ಬೆಳ್ಳುಳ್ಳಿ ಹಾಕಿದಳು. ಫೋನಿನಲ್ಲಿ ಹೇಳಿದರೆ ಅವ್ವ ಚೆನ್ನಾಗಿ ಬೈದಳು. ಆಮೇಲೆ, ‘ರುಚಿ ಆಗಿತ್ತೇನು?’ ಅಂದಳು.