ಡಾಕರ್‌ಗೆ ವಿಪಿಎಸ್ ತಗೋತೀರಾ? ಕರ್ನಲ್ ಯಾರದ್ದು ಅಂತ ಮೊದಲು ಕೇಳಿ

ಈ ವಾರದ ಪ್ರಶ್ನೆ ಹುಬ್ಬಳ್ಳಿಯ ಕೇಳುಗರೊಬ್ಬರದು. ಒಂದು ಕೋಚಿಂಗ್ ಕ್ಲಾಸ್‌ಗೆ ಆನ್‌ಲೈನ್ ಟೆಸ್ಟ್ ಸೈಟ್ ಮಾಡಿಕೊಟ್ಟಿದ್ದಾರೆ. ಒಳಗೆ ಮೂರು ಡಾಕರ್ ಕಂಟೇನರ್: ಆ್ಯಪ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಎಂಜಿನ್‌ಎಕ್ಸ್. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ರೆ ಅರ್ಧ ಬೆಲೆ ಅನ್ನೋ ವಿಪಿಎಸ್ ಆಫರ್ ಒಂದು ಸಿಕ್ಕಿದೆ. ರೀಫಂಡ್ ಇಲ್ಲ. "ತಗೊಳ್ಳಲಾ, ಬೇಡ್ವಾ?" ಅಂತ ಕೇಳಿದ್ದಾರೆ.

ಬೆಲೆ ಆಮೇಲೆ ನೋಡೋಣ. ಆ ವಿಪಿಎಸ್ ಕೆವಿಎಂ ಹೌದಾ ಅಲ್ವಾ, ಅದನ್ನ ಮೊದಲು ಹೇಳಿ.

ಯಾಕೆ ಅಂದ್ರೆ, ಕಂಟೇನರ್ ಒಂದು ಪುಟ್ಟ ಕಂಪ್ಯೂಟರ್ ಅಲ್ಲ. ಸರ್ವರ್‌ನ ಲಿನಕ್ಸ್ ಕರ್ನಲ್ ಮೇಲೇ ಓಡೋ ಪ್ರೋಗ್ರಾಂ ಅದು. ಅದಕ್ಕೆ ಬೇರೆ ಮನೆ ಇದ್ದ ಹಾಗೆ ತೋರಿಸೋದು ನೇಮ್‌ಸ್ಪೇಸ್, ಮೆಮೊರಿ-ಸಿಪಿಯುಗೆ ಮಿತಿ ಹಾಕೋದು ಸಿಗ್ರೂಪ್. ಎರಡೂ ಕರ್ನಲ್‌ನ ಕೆಲಸ. ಕೆವಿಎಂನಲ್ಲಿ ನಿಮ್ಮ ಕರ್ನಲ್ ನಿಮ್ಮದೇ. ಓಪನ್‌ವಿಝಡ್ ಅನ್ನೋ ಹಳೇ ಪದ್ಧತಿಯಲ್ಲಿ ಒಂದು ಮಷಿನ್ ಮೇಲಿರೋ ಎಲ್ಲ ಗ್ರಾಹಕರಿಗೂ ಒಂದೇ ಕರ್ನಲ್. ಪಿಜಿಯಲ್ಲಿ ಇದ್ದ ಹಾಗೆ, ಗೋಡೆಗೆ ಮೊಳೆ ಹೊಡೀಬೇಕಂದ್ರೂ ಓನರ್ ಒಪ್ಪಬೇಕು. ಓಪನ್‌ವಿಝಡ್ 6ರ ಕರ್ನಲ್ 2.6.32. ಡಾಕರ್ ಕೇಳೋದು ಕನಿಷ್ಠ 3.10. ಅಲ್ಲಿಗೆ ಕತೆ ಮುಗೀತು. 7ರಲ್ಲಿ ಓಡುತ್ತೆ, ಆದ್ರೆ ಹೋಸ್ಟಿಂಗ್‌ನವರು ತಮ್ಮ ಕಡೆಯಿಂದ ಅನುಮತಿ ಕೊಟ್ರೆ ಮಾತ್ರ.

ಜಾಹೀರಾತಿನಲ್ಲಿ ಇದನ್ನ ಬರೆದಿಲ್ಲ ಅಂದ್ರೆ ಸಪೋರ್ಟ್‌ಗೆ ಕೇಳಿ. ಅಥವಾ ಒಂದು ತಿಂಗಳಿಗೆ ಮಾತ್ರ ತಗೊಂಡು "ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್" ಕಮಾಂಡ್ ಹೊಡೀರಿ. ಓಪನ್‌ವಿಝಡ್ ಅಥವಾ ಎಲ್‌ಎಕ್ಸ್‌ಸಿ ಅಂತ ಬಂದ್ರೆ ಎಷ್ಟೇ ಅಗ್ಗ ಆದ್ರೂ ಬಿಟ್ಟುಬಿಡಿ.

ಆಮೇಲೆ ರ್‍ಯಾಮ್. 1 ಜಿಬಿಯಲ್ಲಿ ಈ ಮೂರೂ ಕಂಟೇನರ್ ಎದ್ದು ನಿಲ್ಲಬಹುದು, ನಿಜ. ಆದ್ರೆ ಭಾನುವಾರ ಬೆಳಗ್ಗೆ ಎಲ್ಲ ಹುಡುಗರೂ ಒಟ್ಟಿಗೆ ಟೆಸ್ಟ್‌ಗೆ ಕೂತಾಗ ಮೆಮೊರಿ ಸಾಲದೇ ಹೋದ್ರೆ, ಕರ್ನಲ್ ಯಾವುದಾದ್ರೂ ಒಂದು ಪ್ರೋಗ್ರಾಂನ ಕೊಲ್ಲುತ್ತೆ. ಹೆಚ್ಚು ಮೆಮೊರಿ ಹಿಡಿದಿರೋದೇ ಸಾಮಾನ್ಯವಾಗಿ ಬಲಿ, ಅದು ಡೇಟಾಬೇಸೇ ಆಗಿರಬಹುದು. ಡಾಕರ್‌ನಲ್ಲಿ 137 ಅನ್ನೋ ಎಕ್ಸಿಟ್ ಕೋಡ್ ಕಂಡ್ರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ನಾನಾದ್ರೆ 2 ಜಿಬಿಯಿಂದ ಶುರು ಮಾಡ್ತೀನಿ, ಜೊತೆಗೆ ಸ್ವಲ್ಪ ಸ್ವಾಪ್. ಕೋರ್ ಒಂದು ಸಾಕು.

ಡಿಸ್ಕ್ ಮೋಸ ಮಾಡೋದು ನಿಧಾನಕ್ಕೆ. ಡಾಕರ್‌ನ ಡೀಫಾಲ್ಟ್ ಲಾಗ್‌ಗೆ ಮಿತಿನೇ ಇಲ್ಲ, ಬೆಳೀತಾನೇ ಇರುತ್ತೆ. ಮ್ಯಾಕ್ಸ್-ಸೈಜ್ ಹಾಕಿ.

ಇನ್ನೊಂದು, ಹೋಸ್ಟಿಂಗ್‌ನವರದ್ದೇ ಫೈರ್‌ವಾಲ್ ಇದ್ಯಾ ಕೇಳಿ. ಉಬುಂಟುನಲ್ಲಿ ಯುಎಫ್‌ಡಬ್ಲ್ಯೂ ಆನ್ ಮಾಡಿದ್ರೂ ಡಾಕರ್ ತಾನು ಪಬ್ಲಿಷ್ ಮಾಡಿದ ಪೋರ್ಟ್‌ಗೆ ತನ್ನದೇ ದಾರಿ ತೆಗೆಯುತ್ತೆ. ಮಕ್ಕಳ ಹೆಸರು, ಫೋನ್ ನಂಬರ್ ಇರೋ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಇಡೀ ಜಗತ್ತಿಗೆ ತೆರೆದಿರಬಾರದಲ್ವಾ? ಅದನ್ನ ಪಬ್ಲಿಷ್ ಮಾಡೋದೇ ಬೇಡ, ಕಂಟೇನರ್‌ಗಳು ಡಾಕರ್‌ನ ಒಳ ನೆಟ್‌ವರ್ಕ್‌ನಲ್ಲೇ ಮಾತಾಡಿಕೊಳ್ಳಲಿ.

ಜಾಗದ ವಿಷಯಕ್ಕೆ ಬಂದ್ರೆ, ಡಿಜಿಟಲ್ ಓಷನ್‌ಗೆ ಬೆಂಗಳೂರಲ್ಲೇ ಡೇಟಾ ಸೆಂಟರ್ ಇದೆ, ಅಮೆಜಾನ್‌ಗೆ ಮುಂಬೈಯಲ್ಲಿ. ಯುರೋಪಿನದ್ದು ಅಗ್ಗ ಸಿಗುತ್ತೆ, ಆದ್ರೆ ಹುಬ್ಬಳ್ಳಿ ಹುಡುಗರ ಪ್ರತಿ ಕ್ಲಿಕ್ಕೂ ಸಮುದ್ರ ದಾಟಿ ಹೋಗಿ ಬರಬೇಕು.

ಈಗ ದುಡ್ಡು. ಬಿ.ಕಾಂ. ಓದಿದವನ ಚಟ, ಬಿಡಲ್ಲ. ಡಾಲರ್ ಬೆಲೆ ಮೇಲೆ 18% ಜಿಎಸ್‌ಟಿ, ಕಾರ್ಡ್‌ನವರ ಫಾರೆಕ್ಸ್ ಚಾರ್ಜ್ ಸೇರಿಸಿ. ಬ್ಯಾಕಪ್‌ಗೆ ಬೇರೆ ದುಡ್ಡಾ ನೋಡಿ. ಎರಡನೇ ವರ್ಷದ ರಿನ್ಯೂವಲ್ ಬೆಲೆನೂ ಕೇಳಿ, "ಅರ್ಧ ಬೆಲೆ" ಬಹಳ ಸಲ ಮೊದಲ ವರ್ಷಕ್ಕೆ ಮಾತ್ರ. ಹುಬ್ಬಳ್ಳಿ ಗೆಳೆಯರೇ, ಈಗ ಒಂದೇ ತಿಂಗಳಿಗೆ ಕಟ್ಟಿ. ಒಂದು ಭಾನುವಾರದ ಟೆಸ್ಟ್ ನಡೀಲಿ, "ಡಾಕರ್ ಸ್ಟ್ಯಾಟ್ಸ್" ಹಾಕಿ ಮೆಮೊರಿ ಎಷ್ಟು ತಿಂತು ಬರೆದಿಟ್ಕೊಳ್ಳಿ. ವರ್ಷದ ಪ್ಲಾನ್ ಬಗ್ಗೆ ಆ ನಂಬರ್ ಇಟ್ಕೊಂಡು ಮಾತಾಡೋಣ.