ಸಂಸ್ಥಾನದ ಗಡಿಯೂ ಅಮಾನತಾದ ಲೈಸೆನ್ಸೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಾಹನ ಚಾಲನೆಯ ಲೈಸೆನ್ಸನ್ನು ಕೊಡತಕ್ಕದ್ದು ಆಯಾ ಸಂಸ್ಥಾನವೇ ಹೊರತು ಕೇಂದ್ರ ಸರ್ಕಾರವಲ್ಲ. ಅಮಾನತಾದ ಲೈಸೆನ್ಸನ್ನು ಹಿಡಿದು ನೆರೆಯ ಸಂಸ್ಥಾನದಲ್ಲಿ ವಾಹನ ನಡೆಸುವಂತಿಲ್ಲವೆಂಬುದು ಸ್ಪಷ್ಟವೇ. ಆದರೆ ಕುಡಿದು ವಾಹನ ನಡೆಸಿ ಲೈಸೆನ್ಸು ಕಳೆದುಕೊಂಡವನು ಅಲ್ಲಿ ಹೊಸದೊಂದನ್ನು ಪಡೆದರೆ? ತೊಡಕಿರುವುದು ಇಲ್ಲಿ, ಇದರಲ್ಲಿ ಪರರ ಪ್ರಾಣದ ಪ್ರಶ್ನೆಯೂ ಅಡಗಿದೆ. ಇದನ್ನು ತಡೆಯಲೆಂದೇ 1960ರಲ್ಲಿ ಅಲ್ಲಿನ ಕಾಂಗ್ರೆಸ್ಸು ರಾಷ್ಟ್ರೀಯ ಚಾಲಕರ ದಾಖಲೆಯೊಂದನ್ನು ವಿಧಿಸಿತು. ಆ ದಶಕದಲ್ಲಿಯೇ ಸಂಸ್ಥಾನಗಳು ತಮ್ಮೊಳಗೆ ಲೈಸೆನ್ಸು ಒಡಂಬಡಿಕೆಯನ್ನೂ ಮಾಡಿಕೊಂಡವು. ಅರ್ಜಿದಾರನ ಲೈಸೆನ್ಸು ಬೇರೆಡೆ ಅಮಾನತಿನಲ್ಲಿದ್ದು ಅದರ ಅವಧಿ ಮುಗಿಯದಿದ್ದರೆ, ಒಡಂಬಡಿಕೆಗೆ ಸೇರಿದ ಸಂಸ್ಥಾನವು ಅವನಿಗೆ ಲೈಸೆನ್ಸು ಕೊಡಲಾಗದು. ಎಲ್ಲ ಸಂಸ್ಥಾನಗಳೂ ಇದಕ್ಕೆ ಸೇರಲಿಲ್ಲವೆಂಬುದು, ನಮ್ಮ ಅಭಿಪ್ರಾಯದಲ್ಲಿ, ಇದರ ಮುಖ್ಯ ಕೊರತೆ. ನಮ್ಮಲ್ಲಿಯಾದರೋ 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಲೈಸೆನ್ಸು ಭಾರತದಾದ್ಯಂತ ಊರ್ಜಿತ. ಆದಕಾರಣ ಬೆಂಗಳೂರಿನಲ್ಲಿ ಅನರ್ಹನಾದವನು ಹೊಸೂರಿನಲ್ಲಿಯೂ ಅನರ್ಹನೇ.